ಹಸಿರು ಬಸ್ಸಿನ ಬೋರ್ಡು

ಸುರಕ್ಷಾ ಟೀಚರ್ ಫೋನಿನಲ್ಲಿ ಹೇಳಿದ್ದು ಸಂತೋಷದ ಸುದ್ದಿಯೇ. ಬಂಟ್ವಾಳ ಪೇಟೆಯ ಸರಕಾರಿ ಶಾಲೆಯಲ್ಲಿ ಐದನೇ ತರಗತಿಯವರ ಓದು, ಲೆಕ್ಕ ಎರಡನ್ನೂ ಪರೀಕ್ಷಿಸಿದ್ದರು. ಖದೀಜಳ ಮಗಳು ಫರ್ಹಾನ ಅಕ್ಷರ ಕಲಿಯುವವರ ಗುಂಪು ದಾಟಿ ಕತೆ ಓದುವವರ ಗುಂಪಿಗೆ ಏರಿದ್ದಳು. ಇನ್ನು ಅವಳು ಸಂಜೆಯ ಓದಿನ ಕ್ಲಾಸಿಗೆ ಉಳಿಯಬೇಕಾಗಿಲ್ಲ.

ಖದೀಜ ಮಡಿಲಿನ ಬೀಡಿ ಗೆರಸೆಯನ್ನು ಕೆಳಗಿಟ್ಟು, "ಒಳ್ಳೆದಾಯ್ತು ಟೀಚರ್" ಎಂದಳು. ಆದರೆ ಒಳಗೊಂದು ಮೀನಿನ ಮುಳ್ಳು ಸಿಕ್ಕಿಕೊಂಡಿತು. ದಸರಾ ರಜೆಯಲ್ಲಿ ಮೂರಕ್ಷರ ಕೂಡಿಸಲು ಒದ್ದಾಡುತ್ತಿದ್ದವಳು ಇಷ್ಟು ಬೇಗ ಕತೆ ಓದುವುದೆಂದರೇನು?

ಅಂದು ಸಂಜೆ ಪಾಠಪುಸ್ತಕ ಕೊಟ್ಟು ಕೂರಿಸಿದಳು. ಫರ್ಹಾನ ತಲೆ ತೂಗುತ್ತ ಸರಾಗವಾಗಿ ಓದಿದಳು. ಖದೀಜ ಮೆಲ್ಲಗೆ ಪುಟದ ಮೇಲೆ ಅಂಗೈ ಇಟ್ಟಳು. ಓದು ನಿಲ್ಲಲಿಲ್ಲ.

"ಬಾಯಿಪಾಠವಾ?"

"ದಿನಾ ಓದಿದ್ರೆ ಬಾಯಿಗೆ ಬರ್ತದಲ್ಲ ಉಮ್ಮ!"

ಅದೂ ಸರಿಯೇ. ಮುಳ್ಳು ಮಾತ್ರ ಅಲ್ಲೇ ಉಳಿಯಿತು.

ಭಾನುವಾರ ಸಿದ್ಧಕಟ್ಟೆಯ ತವರಿಗೆ ಹೊರಟು ಇಬ್ಬರೂ ಬಸ್ಸಿಗೆ ಕಾದು ನಿಂತಿದ್ದರು. ದೂರದಲ್ಲಿ ಹಸಿರು ಬಸ್ಸು ಕಂಡಿತು.

"ಬೋರ್ಡು ಓದು ನೋಡುವ."

"ಸಿದ್ಧಕಟ್ಟೆ, ಮೂಡುಬಿದಿರೆ" ಎಂದು ಫರ್ಹಾನ ತಟಕ್ಕನೆ ಹೇಳಿದಳು.

ಖದೀಜಳಿಗೆ ಉಸಿರು ಹಗುರವಾಯಿತು. ಚೀಲ ಎತ್ತಿ ಮೆಟ್ಟಿಲಿಗೆ ಕಾಲಿಟ್ಟಾಗ ಕಂಡಕ್ಟರ್ ಅನ್ಸಾಫ್ ಅಡ್ಡ ಬಂದ.

"ಖದೀಜಕ್ಕ, ಎಲ್ಲಿಗೆ? ಇವತ್ತು ಇದು ಬೆಳ್ತಂಗಡಿಗೆ. ಆ ಬೆಳ್ತಂಗಡಿ ಲೈನಿನ ಬಸ್ಸು ಗ್ಯಾರೇಜಲ್ಲುಂಟು. ಗುರುವಾಯನಕೆರೆಯಲ್ಲಿ ಇಳಿದು ಸಿದ್ಧಕಟ್ಟೆಗೆ ನಡೀತೀರಾ?"

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಮಾರಾಯ!" ಎನ್ನುತ್ತ ಒಳಗಿನಿಂದ ಮುದುಕ ಇದಿನಬ್ಬ ಇಳಿದು ಬಂದರು. "ನಾನು ಬಣ್ಣ ನೋಡಿ ಹತ್ತಿದ್ದು."

"ಬೆಳ್ತಂಗಡಿ ಅಂತ ಬೋರ್ಡು ನಾವು ಚಂದಕ್ಕೆ ಹಾಕಿದ್ದಲ್ಲ ಬ್ಯಾರಿಗಳೇ" ಎಂದ ಅನ್ಸಾಫ್. ಎಲ್ಲರೂ ನಕ್ಕರು.

ಖದೀಜ ನಗಲಿಲ್ಲ. ಆ ಊರಿನಲ್ಲಿ ಯಾರೂ ಬೋರ್ಡು ನೋಡುವುದಿಲ್ಲ, ಬಣ್ಣ ನೋಡಿಯೇ ಬಸ್ಸು ಹತ್ತುವುದು; ಹಸಿರೆಂದರೆ ಸಿದ್ಧಕಟ್ಟೆ. ಅವಳು ಹತ್ತಲು ಹೊರಟದ್ದೂ ಹಾಗೆಯೇ. ಆದರೆ ಮಗಳಿಗೆ ಓದೆಂದು ಹೇಳಿದ್ದಳಲ್ಲ; ಅವಳೂ ಬಣ್ಣ ನೋಡಿಯೇ ಹೇಳಿದ್ದು.

"ಟೀಚರ್ ಪರೀಕ್ಷೆಗೆ ಕೊಟ್ಟ ಕಾರ್ಡು ಹೇಗೆ ಓದಿದ್ದು ನೀನು?"

ಫರ್ಹಾನ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು. "ನನಗಿಂತ ಮೊದ್ಲು ಭವಿತ್, ಅಕ್ಷಿತಾ ಎಲ್ಲ ಓದಿದ್ರು. ಅದೇ ಕಾರ್ಡು. ಕೇಳಿ ಕೇಳಿ ಬಂತು."

"ಲೆಕ್ಕ?"

"ಲೆಕ್ಕ ನಾನೇ ಮಾಡಿದ್ದು. ಅಲ್ಲಾನಾಣೆ!"

ಮರುದಿನ ಖದೀಜ ಶಾಲೆಯ ಮೆಟ್ಟಿಲು ಹತ್ತಿದಳು. ಅವಳು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಸುರಕ್ಷಾ ಟೀಚರ್ ಕುರ್ಚಿಗೆ ಒರಗಿದರು.

"ಗುಂಪು ಏರಿಸಿ ಅಂತ ಜಗಳಕ್ಕೆ ಬರುವವರುಂಟು. ಇಳಿಸಿ ಅಂತ ಬಂದವರು ನೀವೊಬ್ಬರೇ. ಪಟ್ಟಿ ಆಫೀಸಿಗೆ ಕಳಿಸಿ ಆಗಿದೆ ಖದೀಜಕ್ಕ. ಈಗ ಬದಲಿಸಿದ್ರೆ ನನ್ನನ್ನು ಕೇಳ್ತಾರೆ."

"ಕತೆಯ ಗುಂಪಲ್ಲಿ ಕೂತ್ರೆ ಅವಳಿಗೆ ಅಕ್ಷರ ಯಾರು ಹೇಳಿಕೊಡ್ತಾರೆ? ಆರನೆಗೆ ಹೋದ ಮೇಲೆ?" ಎಂದಳು ಖದೀಜ. "ಅವಳು ಕೇಳಿ ಹೇಳಿದ್ದು ಅಂತ ನಿಮಗೆ ಗೊತ್ತಿತ್ತಾ ಟೀಚರ್?"

ಟೀಚರ್ ಕಪಾಟಿನಿಂದ ಬೇರೊಂದು ಕಾರ್ಡು ತೆಗೆದು ಫರ್ಹಾನಳನ್ನು ಒಬ್ಬಳನ್ನೇ ಕರೆದರು. ಅವಳು ಎರಡನೇ ಶಬ್ದದಲ್ಲೇ ನಿಂತುಬಿಟ್ಟಳು. ಕಳೆಯುವ ಲೆಕ್ಕ ಕೊಟ್ಟಾಗ ಮಾತ್ರ ಬೆರಳು ಮಡಚದೆ ಮುಗಿಸಿದಳು.

"ಲೆಕ್ಕ ಗಟ್ಟಿ ಉಂಟು" ಎಂದರು ಟೀಚರ್, ಯಾರ ಮುಖವನ್ನೂ ನೋಡದೆ. "ಓದಿಗೆ ಇವತ್ತಿನಿಂದಲೇ ಸಂಜೆ ಉಳಿಯಲಿ. ಉಳಿದವರನ್ನೂ ಒಬ್ಬೊಬ್ಬರನ್ನೇ ಕರೀತೇನೆ."

ಆ ಸಂಜೆ ಕ್ಲಾಸು ಬಿಟ್ಟಾಗ ಖದೀಜ ಗೇಟಿನ ಬಳಿ ಕಾದಿದ್ದಳು. ಫರ್ಹಾನ ಮುಖ ಊದಿಸಿಕೊಂಡೇ ಬಂದಳು.

"ಅಲ್ಲಿ ಮೂರನೇ ಕ್ಲಾಸಿನವರೂ ಇದ್ದಾರೆ. ಎಲ್ಲರೂ ನಗ್ತಾರೆ. ನಿಮ್ಮಿಂದಲೇ ಆದದ್ದು."

"ಹೌದು, ನನ್ನಿಂದಲೇ."

ಪೇಟೆಯಲ್ಲಿ ಹಸಿರು ಬಸ್ಸು ನಿಂತಿತ್ತು. ಫರ್ಹಾನ ಅದನ್ನು ದಾಟಿ ಹೋದವಳು ತಿರುಗಿ ಬೋರ್ಡು ನೋಡುತ್ತ ನಿಂತಳು. ತುಟಿ ಅಲುಗಿತು. ಮೊದಲ ಊರಿನ ಹೆಸರು ಮುಗಿಯುವ ಮೊದಲೇ ಬಸ್ಸು ಹೊರಟಿತು.

"ನಿಲ್ಲು" ಎಂದಳು ಖದೀಜ. "ಇನ್ನೊಂದು ಬರ್ತದೆ."