ಕತ್ತರಿಸಿದ ಫೋಟೋದಲ್ಲೊಂದು ಕೈ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಿಂದ ಮಾಡೋಣವೆಂದು ಅರ್ಧ ಪುಟ ಬರೆದೆ. ಬಸ್ಸು ಬಂತು, ಧೂಳು ಬಂತು, ಮಿರ್ಚಿಯ ವಾಸನೆಯೂ ಬಂತು, ಕಥೆ ಮಾತ್ರ ಬರಲಿಲ್ಲ. ಹರಿದು ಎಸೆದೆ. (ಕಂಪ್ಯೂಟರಿನಲ್ಲಿ ಬರೆಯುವವನು ಹರಿದು ಎಸೆಯುವುದು ಹೇಗೆಂದು ಕೇಳಬೇಡಿ. ಅಳಿಸಿದೆ ಎಂದರೆ ಅಷ್ಟು ಗತ್ತು ಬರುವುದಿಲ್ಲ.)

೧, ಮತ್ತೊಮ್ಮೆ

ಆಗ ವಳಕಮದಿನ್ನಿಯ ಕಾಲುವೆಯಲ್ಲಿ ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ದಂಡೆಯ ಮೇಲೆ ಇಬ್ಬರು ಗೆಳತಿಯರು ನಗುತ್ತ ನಿಂತಿದ್ದರು. ಜನ ಒಳ್ಳೆಯವರಿದ್ದರು. ಗಾಳಿ ತಂಪಾಗಿ ಬೀಸುತ್ತಿತ್ತು...

"ಬರೇ ಸುಳ್ಳು!" ಎಂದಳು ಕಲ್ಯಾಣಮ್ಮ.

ಇವಳೇ ನನ್ನ ನಾಯಕಿ. ನಾನು ಪರಿಚಯ ಮಾಡಿಸುವ ಮೊದಲೇ ಬಾಯಿ ಹಾಕಿದಳು. ಮಸ್ಕಿಯ ಬಜಾರಿನಲ್ಲಿ ಗಂಡನ ಜೊತೆ ಬಟ್ಟೆ ಅಂಗಡಿ ನಡೆಸುತ್ತಾಳೆ. ತವರು ವಳಕಮದಿನ್ನಿ. ಗಿರಾಕಿಗೆ ಸುಳ್ಳು ಹೇಳುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಕಥೆಗಾರ ಹೇಳಿದರೆ ಮಾತ್ರ ಸಹಿಸುವುದಿಲ್ಲ.

"ಯಾವುದು ಸುಳ್ಳು?"

"ಗಾಳಿ ತಂಪಿತ್ತಂತ! ನನ್ನ ಲಗ್ನ ಆಗಿದ್ದು ಫಾಲ್ಗುಣದಾಗ. ಆ ಬಿಸಲಾಗ ನಮ್ಮೂರಿಗೆ ತಂಪು ಗಾಳಿ ಯಾರು ತಂದಿದ್ರು, ನಿಮ್ಮಪ್ಪ? ನೀನೂ ನಮ್ಮ ಅನಿಲನಂಗ ಬರ್ಯಾಕತ್ತಿ ನೋಡು."

ಅವಮಾನವಾಯಿತು. ಯಾಕೆಂದು ತಿಳಿಯಬೇಕಾದರೆ ಈ ಅನಿಲ ಏನು ಮಾಡಿದ ಎಂದು ನಿಮಗೆ ಹೇಳಬೇಕು.

೨

ಅನಿಲಕುಮಾರ ಕಲ್ಯಾಣಮ್ಮನ ಅಣ್ಣನ ಮಗ. ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಬಿಡುವಾದಾಗ ಒಂದು ಪಾರ್ಟಿಗೆ ಫೋಟೋ, ಪೋಸ್ಟರ್ ಮಾಡಿ ಕೊಡುತ್ತಾನೆ. (ಯಾವ ಪಾರ್ಟಿ? ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಓದುವುದನ್ನು ನಿಲ್ಲಿಸುತ್ತೀರಿ.) ಈ ಬೇಸಿಗೆಯಲ್ಲಿ ಮನೆಯ ಗೋಡೆಯ ಮೇಲಿದ್ದ ಹಳೆಯ ಕಪ್ಪು-ಬಿಳುಪು ಫೋಟೋ ಒಂದನ್ನು ಸ್ಕ್ಯಾನ್ ಮಾಡಿ ಪೋಸ್ಟರಿನ ಎಡಕ್ಕೆ ಹಾಕಿದ. ತುಂಬಿದ ಕಾಲುವೆ, ದಂಡೆಯ ಮೇಲೆ ಮದುಮಗಳಾಗಿದ್ದ ಸೋದರತ್ತೆ ಕಲ್ಯಾಣಮ್ಮ. ಮೇಲೆ 'ಅಂದು' ಎಂದು ಬರೆದ. ಬಲಕ್ಕೆ ಅದೇ ಕಾಲುವೆ, ಬಿರುಕು ಬಿಟ್ಟ ತಳ, 'ಇಂದು'. ಕೆಳಗೆ: 'ನಮ್ಮವರ ಕಾಲದಲ್ಲಿ ನೀರು, ಇವರ ಕಾಲದಲ್ಲಿ ಧೂಳು. ಶೇರ್ ಮಾಡಿ.'

ಎಡಗಡೆಯದು ಎರಡನೇ ಬೆಳೆಗೆ ನೀರು ಬಿಟ್ಟಾಗಿನ ಫೋಟೋ. ಬಲಗಡೆಯದು ಮೇ ತಿಂಗಳಿನದು. ಮೇ ತಿಂಗಳಲ್ಲಿ ಕಾಲುವೆ ಬಂದ್ ಇರುತ್ತದೆ, ಯಾರ ಸರ್ಕಾರವಿದ್ದರೂ ಇರುತ್ತದೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಆ ಸೀಮೆಯ ಮಕ್ಕಳಿಗೂ ಇದು ಗೊತ್ತು. ಅನಿಲನಿಗೂ ಗೊತ್ತು. ಆದರೂ ಸಂಜೆಯೊಳಗೆ ಅದು ಊರೆಲ್ಲ ಸುತ್ತಿತು. ಎದುರು ಪಾರ್ಟಿಯವರು ಸುಮ್ಮನಿರುತ್ತಾರೆಯೇ? ಅವೇ ಎರಡು ಫೋಟೋ ಇಟ್ಟುಕೊಂಡು ಮೇಲಿನ 'ಅಂದು', 'ಇಂದು' ಅದಲುಬದಲು ಮಾಡಿ ತಿರುಗಿ ಬಿಟ್ಟರು. ಎರಡೂ ಕಡೆ ಲೈಕುಗಳ ಸುರಿಮಳೆ. ಕಾಲುವೆ ಮಾತ್ರ ತನ್ನ ಪಾಡಿಗೆ ಒಣಗಿತ್ತು.

೩

(ಇಲ್ಲಿ ರಾಜಕೀಯದ ಬಗ್ಗೆ ಒಂದು ಪುಟ ಭಾಷಣವಿತ್ತು. ಕಲ್ಯಾಣಮ್ಮ ತೆಗೆಸಿದಳು.)

೪

ಕಲ್ಯಾಣಮ್ಮ ಅಂಗಡಿಯಲ್ಲಿ ಬ್ಲೌಸ್ ಪೀಸ್ ಹರಿಯುತ್ತಿದ್ದಾಗ ಫೋನಿಗೆ ಆ ಚಿತ್ರ ಬಂತು. ಎಡಗಡೆಯ ಫೋಟೋ ಕಂಡದ್ದೇ ಕೈಯಲ್ಲಿದ್ದ ಬಟ್ಟೆ ಬಿಟ್ಟು ಕೂತಳು. ತಾನೇ, ತೆಳ್ಳಗಿನ ಹುಡುಗಿ, ಹಣೆಯ ಬಾಸಿಂಗದ ಗುರುತೂ ಮಾಸಿಲ್ಲ. ಕಾಲುವೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ಹಾಡಿದ ದಿನಗಳು, ಕದ್ದು ತಿಂದ ಹಸಿ ಶೇಂಗಾ, ಮೊಹರಂ ಬಂದರೆ ಪಕ್ಕದ ಮನೆಯಿಂದ ಬರುತ್ತಿದ್ದ ಬಿಸಿ ಚೋಂಗೆ ರೊಟ್ಟಿಯ ಬೆಲ್ಲದ ಘಮ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಕೆಳಗಿನ ಅಕ್ಷರ ಯಾರು ಓದುತ್ತಾರೆ? ಇದ್ದಬದ್ದವರಿಗೆಲ್ಲ ಕಳಿಸಿದಳು. ಎಲ್ಲರಿಗಿಂತ ಮೊದಲು ಹಸೀನಾಬೀಗೆ.

ಹಸೀನಾಬೀ ಎಂದರೆ ಚೋಂಗೆ ಬರುತ್ತಿದ್ದ ಆ ಪಕ್ಕದ ಮನೆಯ ಹುಡುಗಿ. ಈಗಲೂ ವಳಕಮದಿನ್ನಿಯಲ್ಲೇ ಇದ್ದಾಳೆ, ಹೊಲಿಗೆ ಮಾಡುತ್ತಾಳೆ. ಆ ಫೋಟೋದಲ್ಲಿ ಕಲ್ಯಾಣಮ್ಮನ ಪಕ್ಕ ನಿಂತವಳು ಅವಳೇ.

ನಿಂತಿದ್ದವಳು ಎನ್ನಬೇಕು. ಅನಿಲ ಅವಳನ್ನು ಕತ್ತರಿಸಿದ್ದ. ಕಲ್ಯಾಣಮ್ಮನ ಭುಜದ ಮೇಲೆ ಒಂದು ಕೈ ಮಾತ್ರ ಉಳಿದಿತ್ತು.

ಹಸೀನಾಬೀ ಚಿತ್ರ ನೋಡಿದಳು. ಉತ್ತರ ಬರಲಿಲ್ಲ. ಅವತ್ತಿನಿಂದ ಫೋನೂ ಎತ್ತಲಿಲ್ಲ. ದಿನ ಬಿಟ್ಟು ದಿನ ಫೋನ್ ಮಾಡಿ ಮೊಣಕಾಲು ನೋವಿನಿಂದ ಹಿಡಿದು ಸೊಸೆಯ ದೂರಿನವರೆಗೆ ಹೇಳುತ್ತಿದ್ದವಳು. ಕಾರಣ ತಿಳಿಯದೆ ಕಲ್ಯಾಣಮ್ಮ ಆ ಚಿತ್ರವನ್ನು ಮತ್ತೆ ತೆಗೆದು ನೋಡಿದಳು. ಭುಜದ ಮೇಲೆ ಬರೀ ಕೈ. ಅನಿಲನಿಗೆ ಫೋನ್ ಹಚ್ಚಿದಳು.

"ಆಕೀನ್ನ ಯಾಕ ತಗದಿ ಲೇ?"

"ಫ್ರೇಮಿಗೆ ಹಿಡಿಸಲಿಲ್ಲತ್ತಿ."

"ಕಾಲುವಿ ಹಿಡಿಸ್ತು, ಆಕಿ ಹಿಡಿಸಲಿಲ್ಲೇನು?"

ಅವನು ದನಿ ತಗ್ಗಿಸಿದ. "ಆಕಿ ಇದ್ರ ನಮ್ಮ ಗ್ರೂಪಿನ ಮಂದಿ ಬ್ಯಾರೆ ಮಾತು ತಗೀತಾರತ್ತಿ. ಹೋಲಿಕಿ ಕೆಡತೈತಿ."

ಅವಳು ಫೋನ್ ಇಟ್ಟಳು. ಅವಳಿಗೆ ಅವನಿಗಿಂತ ತನ್ನ ಕಣ್ಣಿನ ಮೇಲೇ ಸಿಟ್ಟು ಬಂತು. ಆ ಕೈ ಕಂಡದ್ದೇ ಸಾಕು, ಇವಳಿಗೆ ಹಸೀನಾ ತಲೆಯಿಂದ ಪಾದದವರೆಗೆ ಕಂಡಿದ್ದಳು. ಇಲ್ಲದವಳು ಇಲ್ಲವೆಂದು ಗೊತ್ತೇ ಆಗಿರಲಿಲ್ಲ.

೫

ಇಲ್ಲಿ ನಾನು ಬುದ್ಧಿವಂತಿಕೆಯ ಒಂದು ಸಾಲು ಬರೆದೆ: 'ಅಂದು ಭುಜದ ಮೇಲೆ ಕೈಯಿಟ್ಟ ಗೆಳತಿ, ಇಂದು ಮಾತು ಬಿಟ್ಟ ಗೆಳತಿ.'

"ಅಳಿಸದನ್ನ," ಎಂದಳು ಕಲ್ಯಾಣಮ್ಮ. "ಅವತ್ತೂ ಆಕಿ ಮಾತು ಬಿಟ್ಟಿದ್ಲು. ನಾ ಮಸ್ಕಿಗೆ ಲಗ್ನಾಗಿ ಹೊಂಟೀನಂತ ಸಿಟ್ಟು. ಲಿಂಗಸುಗೂರಿಂದ ಬಂದ ಫೋಟೋದಾವ ರೀಲಿನ್ಯಾಗ ಒಂದು ಉಳದೈತಿ ಅಂದ. ನಾನೇ ದರದರ ಎಳಕೊಂಡು ಹೋಗಿ ನಿಂದ್ರಿಸಿದ್ದೆ. ಭುಜ ಹಿಡದಿಲ್ಲಾಕಿ. ಚಿವುಟಾಕತ್ತಿದ್ಲು. ನನಗ ಅಳು, ಫೋಟೋದಾವ ನಗ್ರಿ ನಗ್ರಿ ಅಂತಾನ."

"ಹಾಗಾದರೆ ಆ ದಿನ ಮತ್ತೆ ಬೇಕು ಅನಿಸುವುದು ಯಾಕೆ?"

"ಚಿವುಟಾಕ ಆಕಿ ಇದ್ಲಲ್ಲೋ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ನನ್ನ ಸಾಲು ಅಳಿಸಿದೆ.

ಮುಕ್ತಾಯ, ಮೊದಲನೆಯದು

ಗೆಳತಿಯರು ಅಪ್ಪಿಕೊಂಡು ಅತ್ತರು. ಅಷ್ಟರಲ್ಲಿ ಕಾಲುವೆಗೆ ನೀರು ಬಂತು. (ಮೇ ತಿಂಗಳಲ್ಲಿ! ಅನಿಲನೇ ನನಗಿಂತ ವಾಸಿ.)

ಮುಕ್ತಾಯ, ಎರಡನೆಯದು

ಹಸೀನಾಬೀಯ ಮನೆಗೆ ಬೀಗ. ಕಲ್ಯಾಣಮ್ಮ ವಾಪಸು ಬಂದಳು. (ಬೀಗ ಹಾಕುವುದು ಕಥೆಗಾರನಿಗೆ ಸುಲಭ.)

"ನೀ ಬರಕೋಂತ ಕೂಡು, ನಾ ಹೋಗಾಕತ್ತೀನಿ," ಎಂದು ಕಲ್ಯಾಣಮ್ಮ ವಳಕಮದಿನ್ನಿಗೆ ಹೋಗಲು ಸಿಂಧನೂರಿನ ಕಡೆಯ ಬಸ್ಸು ಹತ್ತಿಯೇಬಿಟ್ಟಳು. ನಾನು ಓಡಿ ಹಿಂದಿನ ಸೀಟು ಹಿಡಿದೆ.

ಮುಕ್ತಾಯವೆಂದು ಕರೆಯಲಾರೆ

ಬಾಗಿಲು ತೆರೆದೇ ಇತ್ತು. ಹಸೀನಾಬೀ ಮಷಿನ್ ಮುಂದೆ ಕೂತಿದ್ದಳು. ತಲೆ ಎತ್ತಿ ನೋಡಿದಳು, ಏಳಲಿಲ್ಲ.

"ಆ ಹುಡುಗ ಕತ್ತರಿಸಿದ್ದಕ್ಕ ನನಗೇನೂ ಅನಿಸಲಿಲ್ಲ ಕಲ್ಯಾಣಿ. ಅವಗ ನಾ ಯಾರು? ನೀ ಕಳಿಸಿದ್ಯಲ್ಲ."

"ಖರೇನ ಹೇಳ್ತೀನಿ, ನನಗ ಗೊತ್ತಾಗಲಿಲ್ಲ. ನನ್ನ ಕಣ್ಣಿಗೆ ನೀ ಪೂರಾ ಕಂಡಿ."

"ಪೂರಾ ಕಂಡ್ನೇನು?"

"ಪೂರಾ."

ಹಸೀನಾಬೀ ಮಷಿನ್ ಮೇಲಿನ ಬಟ್ಟೆ ಪಕ್ಕಕ್ಕೆ ಸರಿಸಿದಳು. "ಹಂಗಾರ ಹೇಳು. ಅವತ್ತು ನಾ ಯಾವ ಬಣ್ಣದ ಸೀರಿ ಉಟ್ಟಿದ್ದೆ?"

ಫೋಟೋ ಕಪ್ಪು-ಬಿಳುಪು, ಅದನ್ನು ಕೇಳಿ ಪ್ರಯೋಜನವಿಲ್ಲ. ದಿನವೂ ನೂರು ಬಣ್ಣ ಬಿಚ್ಚಿ ತೋರಿಸುವ ಕಲ್ಯಾಣಮ್ಮ ಬೆರಳು ಮಡಿಸುತ್ತ ಬಣ್ಣಗಳನ್ನೆಲ್ಲ ಎಣಿಸಿದಳು, ಆ ಸೀರೆಯದು ನೆನಪಾಗಲಿಲ್ಲ. ಆಮೇಲೆ ತಿರುಗಿ ನನ್ನ ಮುಖ ನೋಡಿದಳು. ನಾನೇನು ಹೇಳಲಿ? ಇಷ್ಟು ಸಲ ಬರೆದೆ, ಅಳಿಸಿದೆ, ಕಾಲುವೆಗೆ ನೀರು ಕೊಟ್ಟೆ, ಗಾಳಿಗೆ ತಂಪು ಕೊಟ್ಟೆ. ಆ ಸೀರೆಗೊಂದು ಬಣ್ಣ ಕೊಡಬೇಕೆಂದು ನನಗೂ ಹೊಳೆದಿರಲಿಲ್ಲ. ಈಗ ಯಾವುದನ್ನು ಬರೆದರೂ ಅದು ನಾನು ಹಚ್ಚಿದ ಬಣ್ಣವಾಗುತ್ತದೆ.

ಹಸೀನಾಬೀ ಇನ್ನೂ ಕಾಯುತ್ತಿದ್ದಾಳೆ.