ಕೂಗದೆ ಕೂತವನು

ನಮ್ಮ ತುಕಡಿಗೆ ಪ್ರಥಮ ಚಿಕಿತ್ಸೆ ಕಲಿಸಿದವನೇ ನಾನು. "ಕೂಗುವವನಿಗೆ ಉಸಿರಿದೆ, ಬಿಡಿ. ಮೊದಲು ಸುಮ್ಮನೆ ಕೂತವನನ್ನು ನೋಡಿ. ಮೈ ತಣ್ಣಗಾಗಿ ಬೆವರಿದೆಯಾ, ನಾಡಿ ಓಡ್ತಿದೆಯಾ, ನೀರು ನೀರು ಅಂತಾನಾ? ಅದು ಶಾಕ್. ರಕ್ತ ಎಲ್ಲೋ ಸೋರ್ತಿದೆ ಅಂತ ಅರ್ಥ," ಅಂತ ಹತ್ತಾರು ಸಲ ಹೇಳಿದ್ದೆ. ಒಮ್ಮೆ ಹಿಂದಿನ ಸಾಲಲ್ಲಿ ಕೂತ ಅಡುಗೆಯವನು, "ಗುರುಗಳೇ, ನಿಮ್ಮ ಪಾಠ ಕೇಳಿದರೇ ನಾಡಿ ನಿಂತುಹೋಗುತ್ತೆ," ಅಂದು ಎಲ್ಲರನ್ನೂ ನಗಿಸಿದ. ಆವತ್ತಿನಿಂದ ಅವನನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಒಂದು ಮಧ್ಯಾಹ್ನ, ನಾವು ತಂಗಿದ್ದ ಶಾಲೆಯ ಅಂಗಳಕ್ಕೆ ಶೆಲ್ ಬಿತ್ತು. ವೈರ್‌ಲೆಸ್‌ನವನು ಮುಂಗೈ ಮುರಿದುಕೊಂಡು, ಸೂರು ಹಾರುವಂತೆ ಅರಚುತ್ತಿದ್ದ. ನಾನು ಅವನ ಬಳಿಗೇ ಓಡಿದೆ. ಅಡುಗೆಯವನು ಗೋಡೆಗೆ ಒರಗಿ ಕೂತಿದ್ದ. ಮುಖ ಸುಣ್ಣದ ಹಾಗೆ.

"ಅಣ್ಣಾ, ಯಾಕೋ ಚಳಿ ಚಳಿ. ಒಂದು ಗುಟುಕು ನೀರು ಕೊಡಿ."

ಅವನು ನನ್ನನ್ನು ಅಣ್ಣಾ ಅಂದದ್ದು ಅದೇ ಮೊದಲು. ಆದರೂ ನನಗೆ ಹೊಳೆಯಲಿಲ್ಲ. ಅವನ ಕರಿ ಪ್ಯಾಂಟು ಒದ್ದೆಯಾಗಿತ್ತು. "ಹೆದರಿ ಉಚ್ಚೆ ಹೊಯ್ದುಕೊಂಡೆಯಲ್ಲೋ! ತೆಪ್ಪಗೆ ಕೂತ್ಕೋ," ಅಂದೆ. ಅವನು ತಲೆ ತಗ್ಗಿಸಿದ.

ವೈರ್‌ಲೆಸ್‌ನವನ ಕೈಗೆ ಪಟ್ಟಿ ಕಟ್ಟಿ ಮುಗಿಸುವಷ್ಟರಲ್ಲಿ ನಮ್ಮ ಲಾರಿ ಡ್ರೈವರ್ ಬಂದು ಅಡುಗೆಯವನ ಮಣಿಕಟ್ಟು ಹಿಡಿದ.

"ಸಾರ್, ನಾಡಿ ದಾರದ ಎಳೆ ಥರ ಇದೆ, ಎಣಿಸೋಕೇ ಆಗ್ತಿಲ್ಲ. ಇದು ಉಚ್ಚೆ ಅಲ್ಲ ಸಾರ್, ರಕ್ತ!"

ಪ್ಯಾಂಟಿಗೆ ಕತ್ತರಿ ಹಾಕಿದೆ. ತೊಡೆಯ ಹಿಂಭಾಗ ಹರಿದುಹೋಗಿತ್ತು. ಗಾಯಕ್ಕಿಂತ ಮೇಲೆ ಪಟ್ಟಿ ಸುತ್ತಿ, ಕಡ್ಡಿ ತೂರಿಸಿ, ರಕ್ತ ನಿಲ್ಲುವವರೆಗೂ ತಿರುಪಿದೆವು. ಅಂಗಾತ ಮಲಗಿಸಿ, ಅಡಿಗೊಂದು ಮೇಲೊಂದು ಕಂಬಳಿ ಹಾಕಿದೆವು. "ಒಲೆ ಆರಿಸಿ, ಒಲೆ ಆರಿಸಿ" ಅಂತ ಬಡಬಡಿಸುತ್ತಿದ್ದವನ ತುಟಿಯನ್ನಷ್ಟೇ ಒದ್ದೆ ಮಾಡಿದೆ. ಡ್ರೈವರೇ ಲಾರಿ ಓಡಿಸಿ ಆಸ್ಪತ್ರೆ ಮುಟ್ಟಿಸಿದ.

ಬದುಕಿದ. ಎರಡು ವಾರದ ಮೇಲೆ ನಾನೂ ಡ್ರೈವರೂ ನೋಡಲು ಹೋದಾಗ ಅವನ ಅಕ್ಕ ಹಾಸಿಗೆ ಪಕ್ಕದಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಹೊಟ್ಟೆ ತಣ್ಣಗಿರಲಿ. ನನ್ನ ತಮ್ಮನ್ನ ಉಳಿಸಿಕೊಟ್ರಿ."

ಡ್ರೈವರ್ ನೆಲ ನೋಡುತ್ತಾ ನಿಂತಿದ್ದ. ನಾನು ಸುಮ್ಮನಿದ್ದರೆ ಅವನೂ ಸುಮ್ಮನಿರುತ್ತಿದ್ದ.

"ಇಲ್ಲಕ್ಕಾ, ಉಳಿಸಿದ್ದು ಇವನು. ನಿಮ್ಮ ತಮ್ಮ ನೀರು ಕೇಳಿದಾಗ ನಾನು ಆಡಿಕೊಂಡೆ. ಕಣ್ಣೆದುರೇ ರಕ್ತ ಹೋಗ್ತಿತ್ತು, ನೋಡಲಿಲ್ಲ."

ಅವಳು ಮೆಲ್ಲಗೆ ಕೈ ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಅಡುಗೆಯವನು ಕಣ್ಣು ತೆರೆದು ಕೇಳಿಸಿಕೊಳ್ಳುತ್ತಿದ್ದ. "ಕಾಲಿಗೇನೋ ಬಡಿದದ್ದು ನನಗೆ ಗೊತ್ತಾಗಿತ್ತು, ಗುರುಗಳೇ," ಅಂದ. "ಹೇಳೋಣ ಅಂತಲೇ ಇದ್ದೆ. ನೀವು ಹಾಗಂದ ಮೇಲೆ, ನಿಜವಾಗ್ಲೂ ಹೆದರಿಕೊಂಡಿದೀನೇನೋ ಅಂತ ನಾಚಿಕೆಯಾಯ್ತು. ಸುಮ್ಮನಾದೆ."

ಕ್ಷಮಿಸು ಅನ್ನಲು ಬಾಯಿ ತೆರೆದೆ. ಅದರ ಬದಲು ಲೋಟಕ್ಕೆ ನೀರು ಬಗ್ಗಿಸಿ ಅವನ ಕೈಗೆ ಕೊಟ್ಟೆ. ಅಕ್ಕ ಕಿಟಕಿಯ ಕಡೆ ತಿರುಗಿ ಬಟ್ಟೆ ಮಡಚುತ್ತಿದ್ದಳು.