ಹನ್ನೆರಡನೆಯ ಬಾತುಕಾಲು

ನಮ್ಮ ಮನೆಯ ಜಗಳಗಳೆಲ್ಲ ಊಟದ ಮೇಜಿನಲ್ಲಿ ಶುರುವಾಗಿ ದೋಣಿಯ ಮೇಲೆ ಮುಗಿಯುತ್ತವೆ. ಈ ಸಲದ್ದೂ ಹಾಗೆಯೇ ಆಯಿತು.

ನಮ್ಮದೊಂದು ಹಾಯಿದೋಣಿ. ಆರು ಜನ ಪ್ರವಾಸಿಗಳು, ಮೂರು ಜನ ನಾವು. ಇನ್ನೊಬ್ಬರು ಹತ್ತಿದರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವಿಯುತ್ತದೆ. ಬೆಳಿಗ್ಗೆ ಬಂಡೆಗಳ ನಡುವಿನ ಸಣ್ಣ ಕೊಲ್ಲಿಯಲ್ಲಿ ಲಂಗರು ಹಾಕಿ ಬಂದವರನ್ನು ನೀರಿಗಿಳಿಸುತ್ತೇವೆ. ಮುಖಕ್ಕೆ ಗಾಜಿನ ಮಾಸ್ಕು, ಬಾಯಿಗೆ ಉಸಿರಾಡುವ ಕೊಳವೆ, ಕಾಲಿಗೆ ರಬ್ಬರಿನ ರೆಕ್ಕೆ. ಈ ರೆಕ್ಕೆ ಹಾಕಿಕೊಂಡು ಯಾರು ನಡೆದರೂ ಬಾತುಕೋಳಿಯೇ. ಅದಕ್ಕೆ ನಾವು ಅದನ್ನು ಬಾತುಕಾಲು ಅನ್ನುತ್ತೇವೆ. ಒಂದು ಗಂಟೆ ಮೀನು ನೋಡಿಕೊಂಡು ತೇಲುತ್ತಾರೆ. ಆಮೇಲೆ ಹೊರಸಮುದ್ರಕ್ಕೆ ಹೋಗಿ ತಿಮಿಂಗಿಲ ಹುಡುಕುತ್ತೇವೆ. ಸಿಕ್ಕರೆ ಅವರ ಅದೃಷ್ಟ, ಸಿಗದಿದ್ದರೆ ನನ್ನ ಅಡುಗೆ. ಹಾಗಾಗಿ ಅಡುಗೆ ಕೆಡುವಂತಿಲ್ಲ.

ದೋಣಿ ತಿರುಗಿಸುವ ಚಕ್ರ ಹಿಡಿಯುವವರು ನಮ್ಮೆಜಮಾನರು, ಇಪ್ಪತ್ತೆರಡು ವರ್ಷದಿಂದ. ಹಗ್ಗ, ಹಾಯಿ, ನೀರಿಗಿಳಿದವರ ಕಾವಲು ಇವರ ತಂಗಿಯದು, ಅಂದರೆ ನನ್ನ ನಾದಿನಿಯದು. ಅವಳು ದೋಣಿ ನಡೆಸುವ ಪರೀಕ್ಷೆ ಪಾಸು ಮಾಡಿ ಎರಡು ವರ್ಷವಾಗಿತ್ತು. ಆ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆದವರು ಇವರೇ. ಬಂದವರಿಗೆಲ್ಲ ತೋರಿಸುವವರೂ ಇವರೇ. ಆದರೆ ಚಕ್ರ ಕೊಡಣ್ಣ ಅಂದರೆ ಮಾತ್ರ "ನೋಡೋಣ". ಆ ನೋಡೋಣಕ್ಕೂ ಎರಡು ವರ್ಷವಾಗಿತ್ತು.

ಈ ವರ್ಷ ಇವರ ಬಲ ಮೊಣಕಾಲಿಗೆ ಆಪರೇಷನ್ ಆಯಿತು. ಆರು ತಿಂಗಳು ಹೆಚ್ಚು ಹೊತ್ತು ನಿಲ್ಲಬೇಡಿ ಅಂದರು ಡಾಕ್ಟರು. ಇವರು ಪೇಟೆಗೆ ಹೋಗಿ ಎತ್ತರದ ಸ್ಟೂಲೊಂದನ್ನು ಹೊತ್ತು ತಂದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಸ್ಟೂಲು ಬಾಗಿಲ ಪಕ್ಕದಲ್ಲಿ ನಾಲ್ಕನೆಯವನ ಹಾಗೆ ನಿಂತಿತ್ತು.

"ಅದನ್ನ ಚಕ್ರದ ಮುಂದೆ ಇಟ್ಕೊಂಡು ಕೂತ್ಕೋತೀನಿ. ನಿಲ್ಲಬೇಡಿ ಅಂದ್ರಲ್ಲ, ನಿಲ್ಲಲ್ಲ," ಅಂದರು.

"ಅಲೆ ಬಂದಾಗ ಸ್ಟೂಲೂ ನೀವೂ ಒಟ್ಟಿಗೆ ಉರುಳ್ತೀರಿ. ಅವಳು ನಡೆಸ್ಲಿ ಬಿಡಿ," ಅಂದೆ.

"ನಡೆಸ್ಲಿ, ನಾನೇನು ಬೇಡ ಅಂದ್ನಾ? ಪಕ್ಕದಲ್ಲಿ ಕೂತು ಒಂದೆರಡು ಮಾತು ಹೇಳ್ಕೊಡ್ತೀನಿ."

"ಅದೇ ತೊಂದರೆ," ಅಂದಳು ನಾದಿನಿ. "ಚಕ್ರ ನನ್ನ ಕೈಯಲ್ಲಿರುತ್ತೆ, ದೋಣಿ ನಿನ್ನ ಬಾಯಲ್ಲಿರುತ್ತೆ."

"ನಾನು ಯಾವತ್ತು ಮಧ್ಯೆ ಬಾಯಿ ಹಾಕಿದ್ದೀನಿ?"

ನಾನೂ ಅವಳೂ ಚಮಚ ಕೆಳಗಿಟ್ಟು ಇವರ ಮುಖ ನೋಡಿದೆವು. ಇವರು ನೀರಿನ ಲೋಟ ಎತ್ತಿಕೊಂಡರು.

"ಸರಿ, ಪಂದ್ಯ," ಅಂದಳು. "ನಾಳೆ ನಾನು ನಡೆಸ್ತೀನಿ. ನೀನು ಪ್ರವಾಸಿ ಥರ ಕೂತಿರು. ಹಗ್ಗ ಬಿಚ್ಚಿದ ಮೇಲೆ ತಿರುಗಿ ಬಂದು ಕಟ್ಟೋವರೆಗೂ ಬಾಯಿ ಹಾಕೋ ಹಾಗಿಲ್ಲ. ಕೈಸನ್ನೆ, ಕಣ್ಸನ್ನೆ ಇಲ್ಲ. ಕೆಮ್ಮೋ ಹಾಗೂ ಇಲ್ಲ."

ಕೆಮ್ಮು ಸೇರಿಸಿದ್ದು ಜಾಣತನ. ಇವರು ಒಂದು ಸಲ ಕೆಮ್ಮಿದರೆ ನಿಧಾನ, ಎರಡು ಸಲ ಕೆಮ್ಮಿದರೆ ಹಾಯಿ ಇಳಿಸು ಎಂದರ್ಥ.

"ನಾನು ಸುಮ್ಮನಿದ್ರೆ?"

"ಈ ವರ್ಷ ಚಕ್ರ ಕೇಳಲ್ಲ. ಸ್ಟೂಲ್ ಮೇಲೆ ಕೂತು ರಾಜ್ಯಭಾರ ಮಾಡು. ಬಾಯಿ ಹಾಕಿದ್ರೆ ಚಕ್ರ ನನ್ನದು. ನೀನು ಅತ್ತಿಗೆ ಜೊತೆ ಅಡುಗೆಗೆ."

"ಆಯ್ತು," ಅಂದರು ಇವರು, ಎದೆ ಉಬ್ಬಿಸಿಕೊಂಡು. ನನಗೆ ಆ ಮೊಣಕಾಲಿನ ಚಿಂತೆ. ಈ ಮನುಷ್ಯ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ವರ್ಷವಿಡೀ ಕುಂಟಬೇಕಾಗುತ್ತದಲ್ಲ ಎಂದು ಯೋಚಿಸುತ್ತಾ ತಟ್ಟೆ ತೊಳೆದೆ.

ಮರುದಿನ ಬಂದ ಆರು ಜನರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಜೊತೆಗೆ ಅವರ ಹೆಂಡತಿ. ಹೊಸದಾಗಿ ಮದುವೆಯಾದ ಒಂದು ಜೋಡಿ. ಕೆಲಸದಿಂದ ನಿವೃತ್ತರಾದ ಇಬ್ಬರು ಗೆಳತಿಯರು. ಅವರಲ್ಲಿ ಒಬ್ಬರು ಹೆಡ್‌ಮಿಸ್ಸು, ಇನ್ನೊಬ್ಬರು ಪೋಸ್ಟ್‌ಮಾಸ್ಟರು. ಇಬ್ಬರೂ ಬೇರೆ ಬೇರೆ ದೋಣಿಗಳಲ್ಲಿ ಮೂರು ಸಲ ಬಂದು ತಿಮಿಂಗಿಲದ ಬಾಲವನ್ನೂ ನೋಡದೆ ಹೋದವರು.

"ಇವತ್ತೂ ಕಾಣದಿದ್ರೆ ತಿಮಿಂಗಿಲ ಅನ್ನೋದೇ ಸುಳ್ಳು ಅಂತ ಬರೆದು ಕೊಡ್ತೀನಿ," ಅಂದರು ಹೆಡ್‌ಮಿಸ್ಸು ಹತ್ತುವಾಗಲೇ.

ನಾದಿನಿ ಹಗ್ಗ ಬಿಚ್ಚಿಸಿ ದೋಣಿಯನ್ನು ಹೊರಗೆ ತಂದಳು. ಪಕ್ಕದ ಬೋಟಿಗೂ ನಮಗೂ ನಡುವೆ ಒಂದು ಮೊಳ ಜಾಗ. ಇವರು ಹಿಂಬದಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಬಾಯಿ ತೆರೆಯಿತು. ತಕ್ಷಣ ಒಂದು ಬಿಸ್ಕೆಟ್ ಒಳಗೆ ಹೋಯಿತು. ಅದೇ ಇವರ ಉಪಾಯ. ಮಾತು ಬಂದಾಗಲೆಲ್ಲ ಬಿಸ್ಕೆಟ್. ಕೊಲ್ಲಿ ಸೇರುವಷ್ಟರಲ್ಲಿ ಒಂದು ಪೊಟ್ಟಣ ಮುಗಿದಿತ್ತು.

"ನಿಮ್ಮೆಜಮಾನರು ಮಾತಾಡಲ್ವಾ?" ಅಂತ ಡಾಕ್ಟರ ಹೆಂಡತಿ ನನ್ನ ಕಿವಿಯಲ್ಲಿ ಕೇಳಿದರು.

"ಇವತ್ತು ರಜೆ," ಅಂದೆ.

ಇಲ್ಲಿ ನಮ್ಮ ದೋಣಿಯ ಒಂದು ಕಟ್ಟುಪಾಡು ಹೇಳಬೇಕು. ನೀರಿನಿಂದ ಹತ್ತಿ ಬಂದವರನ್ನು ನಾವು ತಲೆ ಎಣಿಸಿ ಲೆಕ್ಕ ಹಾಕುವುದಿಲ್ಲ, ಕಾಲು ಎಣಿಸುತ್ತೇವೆ. ಹಿಂದಿನ ಕಂಬಿಯಲ್ಲಿ ಹನ್ನೆರಡು ಗೂಟಗಳಿವೆ. ಹತ್ತಿ ಬಂದವರು ಬಾತುಕಾಲು ಬಿಚ್ಚಿ ಗೂಟಕ್ಕೆ ಹಾಕಬೇಕು. ಹನ್ನೆರಡೂ ತುಂಬುವ ತನಕ ಎಂಜಿನ್ ಶುರು ಮಾಡುವಂತಿಲ್ಲ. ನಿಯಮ ಮಾಡಿದವರು ಇವರೇ. ಹಿಂದೆ ಒಮ್ಮೆ ತಲೆ ಎಣಿಸುವಾಗ ತಮ್ಮ ತಲೆಯನ್ನೂ ಸೇರಿಸಿಕೊಂಡು, ಲೆಕ್ಕ ಸರಿಯಿದೆಯೆಂದು ಹೊರಟು, ಒಬ್ಬ ವಿಮಾ ಏಜೆಂಟನನ್ನು ಬಂಡೆಯ ಮೇಲೆ ಬಿಟ್ಟು ಬಂದಿದ್ದರು. ಅರ್ಧ ಗಂಟೆಯ ಮೇಲೆ ವಾಪಸು ಹೋದಾಗ ಆ ಪುಣ್ಯಾತ್ಮ ಬೈಯಲಿಲ್ಲ, ಹಲ್ಲು ಕಟಕಟ ಅನ್ನಿಸುತ್ತಲೇ ನಮಗೊಂದು ಪಾಲಿಸಿ ಮಾಡಿಸಿದ. ಅಂದಿನಿಂದ ಕಾಲಿನ ಲೆಕ್ಕ.

ಅವತ್ತು ಜನ ನೀರಿನಿಂದ ಮೇಲೆ ಬರುತ್ತಿದ್ದ ಹಾಗೆ ರೇಡಿಯೋ ಕರೆಯಿತು. ದೊಡ್ಡ ಬೋಟೊಂದರವರು ಉತ್ತರದ ತುದಿಯಲ್ಲಿ ತಾಯಿ ಮರಿ ಎರಡು ತಿಮಿಂಗಿಲ ಕಂಡಿದ್ದರು. ಕೇಳಿದ್ದೇ ತಡ, ಸುತ್ತಮುತ್ತಲಿನ ಬೋಟುಗಳೆಲ್ಲ ಸಂತೆಗೆ ಹೊರಟವರ ಹಾಗೆ ಆ ಕಡೆ ಓಡಿದವು. ನಮ್ಮವರಿಗೂ ಕಾಲು ನಿಲ್ಲಲಿಲ್ಲ. ಒಬ್ಬರ ಮೇಲೊಬ್ಬರು ಬಾತುಕಾಲು ಕಿತ್ತು ಗೂಟದ ಕಡೆ ಎಸೆದರು.

ನಾದಿನಿ ಎಣಿಸಿದಳು. ಹನ್ನೊಂದು.

ಇನ್ನೊಮ್ಮೆ ಎಣಿಸಿದಳು. ನಾಲ್ಕನೆಯ ನಂಬರಿನ ಜೋಡಿಯಲ್ಲಿ ಒಂದು ಕಾಲು ಇರಲಿಲ್ಲ.

"ಆರೂ ಜನ ಇದ್ದೀವಲ್ಲಮ್ಮ," ಅಂದರು ಹಲ್ಲಿನ ಡಾಕ್ಟರು. "ಹನ್ನೊಂದಾದ್ರೇನು, ಹನ್ನೆರಡಾದ್ರೇನು? ಹೊರಡಿ."

"ಜನ ಇದ್ದೀರಿ ಸರ್. ಆ ಕಾಲು ಎಲ್ಲಿದೆ ಗೊತ್ತಿಲ್ವಲ್ಲ. ದೋಣಿ ಕೆಳಗೆ ಸಿಕ್ಕೊಂಡಿದ್ದು ಎಂಜಿನ್ ರೆಕ್ಕೆಗೆ ಸುತ್ತಿದ್ರೆ ಇವತ್ತು ರಾತ್ರಿ ಊಟಾನೂ ಇಲ್ಲೇ."

"ಒಂದು ಸಲಕ್ಕೆ ಏನಾಗುತ್ತೆ?"

"ಒಂದು ಸಲ ಬಿಟ್ಟ ಮೇಲೆ ಅದು ನಿಯಮ ಅಲ್ಲ ಸರ್, ಸಲಹೆ."

ಹೆಡ್‌ಮಿಸ್ಸು ತಲೆಯಾಡಿಸಿದರು. ಬೋಧನೆ ಅವರಿಗೆ ಹಿಡಿಸಿತು. ತಿಮಿಂಗಿಲ ಕೈತಪ್ಪುವುದು ಹಿಡಿಸಲಿಲ್ಲ. ಎರಡೂ ಮುಖದಲ್ಲಿ ಕಾಣುತ್ತಿತ್ತು.

ನಾದಿನಿ ಮಾಸ್ಕು ಹಾಕಿಕೊಂಡು ನೀರಿಗೆ ಹಾರಿದಳು. ನಾವೆಲ್ಲ ಬೆಂಚಿನ ಕೆಳಗೆ, ಹಗ್ಗದ ಸುರುಳಿಯೊಳಗೆ ಹುಡುಕಿದೆವು. ಪೋಸ್ಟ್‌ಮಾಸ್ಟರಮ್ಮ ನನ್ನ ಪಾತ್ರೆಗಳ ಮುಚ್ಚಳ ಕೂಡ ತೆಗೆದು ನೋಡಿದರು. ಕಳೆದ ಕಾಗದ ಎಲ್ಲಿ ಬೇಕಾದರೂ ಇರಬಹುದು ಅನ್ನುವುದು ಅವರ ಅನುಭವ.

ನಾನು ಇವರಿಗೆ ನೀರು ಕೊಡಲು ಹೋದೆ. ಮೊಣಕಾಲು ಎತ್ತರದಲ್ಲಿರಲಿ ಎಂದು ಟವೆಲ್ಲು ಮಡಿಸಿ ಕೆಳಗೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ನಾನು ಕೊಟ್ಟ ಟವೆಲ್ಲು ಇಷ್ಟು ದಪ್ಪ ಇರಲಿಲ್ಲವಲ್ಲ ಅನ್ನಿಸಿತು. ಬಗ್ಗಿ ನೋಡಿದೆ. ಟವೆಲಿನ ಮಡಿಕೆಯಿಂದ ಹಳದಿ ರಬ್ಬರಿನ ತುದಿ ಇಣುಕುತ್ತಿತ್ತು. ಅದರ ಮೇಲೆ ನಾನೇ ಬಣ್ಣದಲ್ಲಿ ಬರೆದ ನಾಲ್ಕು.

ಯಾರೋ ಎಸೆದದ್ದು ಬೆಂಚಿನ ಮೇಲೆ ಬಿದ್ದಿರಬೇಕು. ಇವರು ಅತ್ತ ಓಡುವ ಬೋಟುಗಳನ್ನೇ ನೋಡುತ್ತಾ, ಕೈಗೆ ಸಿಕ್ಕಿದ ಮೆತ್ತನೆಯದನ್ನು ಟವೆಲಿನೊಳಗೆ ಸೇರಿಸಿ ಕಾಲ ಕೆಳಗೆ ತುರುಕಿಕೊಂಡಿದ್ದರು. ಕಟ್ಟುಪಾಡು ಮಾಡಿದವರೇ ಅದರ ಮೇಲೆ ಕಾಲಿಟ್ಟು ಕೂತಿದ್ದರು.

ನಾನು ನೋಡಿದ್ದನ್ನು ಇವರು ನೋಡಿದರು. ಬಗ್ಗಿ ತಾವೂ ನೋಡಿಕೊಂಡರು. ಆಗ ಅವರ ಮುಖ ಏನಾಯಿತೋ ಅದಕ್ಕೆ ಬಿಸ್ಕೆಟ್ ಸಾಲುವಂತಿರಲಿಲ್ಲ.

ಮಾತಾಡಿದರೆ ಚಕ್ರ ಹೋಯಿತು. ಮಾತಾಡದಿದ್ದರೆ ತಂಗಿ ತಣ್ಣೀರಿನಲ್ಲಿ ಮುಳುಗೇಳುತ್ತಾಳೆ, ಜನ ಬೈದುಕೊಳ್ಳುತ್ತಾರೆ, ಅವಳ ಮೊದಲ ದಿನವೇ ಹಾಳು. ಮೂರನೆಯ ದಾರಿಯೂ ಇತ್ತು. ಕಾಲು ಸ್ವಲ್ಪ ಸರಿಸಿದರೆ ಅದು ತಾನಾಗಿ ಜಾರಿ ಬೆಂಚಿನ ಹಿಂದೆ ಬೀಳುತ್ತಿತ್ತು, ಯಾರಿಗಾದರೂ ಸಿಗುತ್ತಿತ್ತು, ಚಕ್ರವೂ ಉಳಿಯುತ್ತಿತ್ತು. ಇವರ ಕೈ ಟವೆಲಿನ ತನಕ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ನಾನೇ ಹೇಳಿಬಿಡಬಹುದಿತ್ತು. ಆದರೆ ನನಗೆ ಯಾಕೋ ಇವರಿಗೆ ಸ್ವಲ್ಪ ಸಮಯ ಕೊಡಬೇಕು ಅನ್ನಿಸಿತು. ಗಂಡ ಎಂಥವನು ಎಂದು ಹೆಂಡತಿಗೆ ಗೊತ್ತಿರುತ್ತದೆ. ಆದರೂ ಆಗಾಗ ಡಬ್ಬಿ ಮುಚ್ಚಳ ತೆಗೆದು ನೋಡಿಕೊಳ್ಳುವುದು ಒಳ್ಳೆಯದು.

"ಚಹಾಕ್ಕೆ ನೀರಿಡ್ತೀನಿ. ನೀರು ಕುದಿಯೋವರೆಗೂ ಕಾಯ್ತೀನಿ. ಆಮೇಲೆ ನನ್ನ ಬಾಯಿ ನನ್ನದು," ಅಂದೆ, ಇವರಿಗೆ ಮಾತ್ರ ಕೇಳುವ ಹಾಗೆ.

ಒಲೆ ಹಚ್ಚಿ ಕೆಟಲ್ ಇಟ್ಟೆ. ನಾದಿನಿ ಒಮ್ಮೆ ಮೇಲೆ ಬಂದಳು, ಉಸಿರು ತೆಗೆದುಕೊಂಡು ಮತ್ತೆ ಮುಳುಗಿದಳು. ಎರಡನೆಯ ಸಲ ಬಂದಾಗ ಹೊಸ ಮದುಮಗ "ಬಿಡಿ ಅಕ್ಕಾ, ಹೋದ್ರೆ ಹೋಗ್ಲಿ" ಅಂದ. ಮೂರನೆಯ ಸಲ ಏಣಿ ಹಿಡಿದುಕೊಂಡು ನಿಂತಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಇನ್ನೊಂದು ಸಲ ನೋಡ್ತೀನಿ. ಚುಕ್ಕಾಣಿ ಹಿಂದೆ ಸರಿಯಾಗಿ ಕಾಣ್ಲಿಲ್ಲ," ಅಂದಳು.

ಕೆಟಲ್ ಇನ್ನೂ ಗುಂಯ್ ಅನ್ನುತ್ತಿತ್ತಷ್ಟೆ.

"ಮೇಲೆ ಬಾರೇ," ಅಂದರು ಇವರು.

ದೋಣಿಯಲ್ಲಿದ್ದವರೆಲ್ಲ ತಿರುಗಿದರು. ಬೆಳಗಿನಿಂದ ಮೊದಲ ಸಲ ಆ ಧ್ವನಿ ಕೇಳಿದ್ದು. ಇವರು ಟವೆಲ್ಲಿನೊಳಗಿಂದ ಬಾತುಕಾಲು ಎಳೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ನನ್ನ ಕಾಲ ಕೆಳಗೇ ಇತ್ತು. ನಾನೇ ಇಟ್ಕೊಂಡಿದ್ದೆ. ಗೊತ್ತಾಗಿ ಐದು ನಿಮಿಷ ಆಯ್ತು."

ನಾದಿನಿ ಏಣಿಯ ಮೇಲೆ ನೀರು ಸುರಿಸುತ್ತಾ ನಿಂತು ಅಣ್ಣನನ್ನೇ ನೋಡಿದಳು.

"ಐದು ನಿಮಿಷ?"

"ನಾಲ್ಕೂವರೆ ಇರಬಹುದು. ಬೈಯೋದಿದ್ರೆ ಒಣಗಿದ ಮೇಲೆ ಬೈ. ಮೊದಲು ಇದನ್ನ ಗೂಟಕ್ಕೆ ಹಾಕು, ಚಕ್ರ ನಿನ್ನದು."

ಅವಳು ಬೈಯಲಿಲ್ಲ. ಬಾತುಕಾಲನ್ನು ಹನ್ನೆರಡನೆಯ ಗೂಟಕ್ಕೆ ಹಾಕಿದಳು, ಟವೆಲ್ಲನ್ನು ಇವರ ಕೈಯಿಂದ ಕಿತ್ತುಕೊಂಡು ತಲೆ ಒರೆಸಿಕೊಂಡಳು, ಎಂಜಿನ್ನಿನ ಕೀಲಿಗೆ ಕೈ ಹಾಕಿದಳು.

ಅಷ್ಟರಲ್ಲಿ ಪುಸ್ಸೆಂದು ಸದ್ದಾಯಿತು. ನೀರು ಉಕ್ಕಿತೆಂದು ನಾನು ಒಲೆಯ ಕಡೆ ಓಡಿದೆ. ಕೆಟಲ್ ಇನ್ನೂ ಉಕ್ಕಿರಲಿಲ್ಲ.

ಮತ್ತೆ ಪುಸ್ಸ್. ಈ ಸಲ ಹಳೆಯ ಮೀನಿನ ಬುಟ್ಟಿಯ ವಾಸನೆಯೂ ಜೊತೆಗೆ ಬಂತು. ದೋಣಿಯಿಂದ ನೂರು ಅಡಿ ದೂರದಲ್ಲಿ, ಕೊಲ್ಲಿಯ ಬಾಯಲ್ಲಿ, ಕಪ್ಪು ಬಂಡೆಯೊಂದು ಎದ್ದು ಉಸಿರು ಬಿಟ್ಟಿತು. ಅದರ ಪಕ್ಕದಲ್ಲಿ ಸಣ್ಣ ಬಂಡೆಯೊಂದು ಎದ್ದು ಸಣ್ಣ ಉಸಿರು ಬಿಟ್ಟಿತು.

ಅಲ್ಲಿ ಅಷ್ಟೊಂದು ಬೋಟುಗಳ ಗದ್ದಲಕ್ಕೆ ರೋಸಿ ತಾಯಿ ಮರಿಯನ್ನು ಕರೆದುಕೊಂಡು ಸದ್ದಿಲ್ಲದ ಜಾಗ ಹುಡುಕುತ್ತಾ ಬಂದಿತ್ತು. ಎಂಜಿನ್ ಆರಿಸಿ ನಿಂತಿದ್ದ ದೋಣಿ ಆ ಸುತ್ತಿನಲ್ಲಿ ನಮ್ಮದೊಂದೇ. ನಾದಿನಿ ಕೀಲಿಯಿಂದ ಕೈ ತೆಗೆದಳು, ಕೈಯನ್ನು ಜೇಬಿನೊಳಗೆ ಇಟ್ಟುಕೊಂಡಳು.

ಇಪ್ಪತ್ತು ನಿಮಿಷ ಯಾರೂ ಜೋರಾಗಿ ಉಸಿರಾಡಲಿಲ್ಲ. ಮರಿ ಒಮ್ಮೆ ನಮ್ಮ ಕಡೆ ತಿರುಗಿ, ಒಂದು ಕಣ್ಣು ನೀರಿನ ಮೇಲೆ ತಂದು ನೋಡಿತು. ತಾಯಿ ಮಧ್ಯೆ ಬಂದು ಅದನ್ನು ಪಕ್ಕಕ್ಕೆ ತಳ್ಳಿತು. ಬೀದಿಯಲ್ಲಿ ಅಪರಿಚಿತರನ್ನು ದಿಟ್ಟಿಸುವ ಮಗುವನ್ನು ನಾವು ಎಳೆದುಕೊಳ್ಳುತ್ತೇವಲ್ಲ, ಹಾಗೆ. ಪೋಸ್ಟ್‌ಮಾಸ್ಟರಮ್ಮ ಗೆಳತಿಯ ಕೈ ಹಿಡಿದು ಅಳುತ್ತಿದ್ದರು. ಹಲ್ಲಿನ ಡಾಕ್ಟರು ಕಂಬಿಯಾಚೆ ಬಗ್ಗಿದ್ದರು.

"ಬಾಯಿ ತೆರೆಯುತ್ತಾ? ಹಲ್ಲು ನೋಡ್ಬೇಕಿತ್ತು," ಅಂದರು ಪಿಸುಮಾತಿನಲ್ಲಿ.

"ಈ ಜಾತಿಗೆ ಹಲ್ಲಿಲ್ಲ ಸರ್. ಬಾಯೊಳಗೆ ಜರಡಿ ಥರ ಇರುತ್ತೆ," ಅಂದಳು ನಾದಿನಿ.

"ಹಾಗಾದ್ರೆ ನಿಮ್ಮ ಗಿರಾಕಿ ಅಲ್ಲ ಬಿಡಿ," ಅಂದರು ಹೆಡ್‌ಮಿಸ್ಸು. "ನೆಮ್ಮದಿಯಾಗಿರ್ಲಿ ಪಾಪ."

ಎರಡೂ ಮುಳುಗಿ ಹೊರಟುಹೋದ ಮೇಲೆ ಇವರ ಬಾಯಿಯ ಕಟ್ಟೆಯೊಡೆಯಿತು. ಬೆಳಗಿನಿಂದ ಬಿಸ್ಕೆಟ್ಟಿನಡಿ ಸಿಕ್ಕಿಕೊಂಡಿದ್ದ ಮಾತೆಲ್ಲ ದಡ ಸೇರುವ ತನಕ ಹರಿಯಿತು. ತಿಮಿಂಗಿಲ ಹೇಗೆ ಮಲಗುತ್ತದೆ, ಎಷ್ಟು ಹಾಲು ಕುಡಿಸುತ್ತದೆ, ವಿಮಾ ಏಜೆಂಟ ಏನಂದ, ಎಲ್ಲ. ಜನ ಕೇಳಿ ಕೇಳಿ ನಕ್ಕರು. ಆದರೆ ದಡ ಹತ್ತಿರವಾಗಿ, ನಾದಿನಿ ದೋಣಿಯನ್ನು ಆ ಇಕ್ಕಟ್ಟಿನ ಜಾಗಕ್ಕೆ ತಿರುಗಿಸುವಾಗ ತಾವಾಗಿ ಬಾಯಿ ಮುಚ್ಚಿದರು. ಪಂದ್ಯ ಸೋತಾಗಿತ್ತು, ಮುಚ್ಚಲೇಬೇಕೆಂದೇನೂ ಇರಲಿಲ್ಲ. ಅದನ್ನು ನಾನು ಗಮನಿಸಿದೆ, ಅವಳೂ ಗಮನಿಸಿದಳು.

ಎಲ್ಲರೂ ಇಳಿದು ಹೋದ ಮೇಲೆ ಅವಳು ಕೇಳಿದಳು: "ಅಣ್ಣ, ಅದನ್ನ ಮೆಲ್ಲಗೆ ಬೆಂಚಿನ ಹಿಂದೆ ಬೀಳಿಸಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?"

"ನಿನ್ನತ್ತಿಗೆಗೆ ಗೊತ್ತಾಗ್ತಿತ್ತು."

"ಅತ್ತಿಗೆ ಇಲ್ದಿದ್ರೆ?"

ಇವರು ಮೊಣಕಾಲು ನೀವಿಕೊಂಡರು. "ಒಂದು ಕಾಲಿಗೋಸ್ಕರ ನೀನು ಮೂರು ಸಲ ಮುಳುಗಿದೆ," ಅಂದರು. "ನಾನಾಗಿದ್ರೆ ಇವತ್ತು, ಎಲ್ಲರೂ ಓಡ್ತಿರೋವಾಗ, ಹನ್ನೊಂದಕ್ಕೇ ಹೊರಟುಬಿಡ್ತಿದ್ನೇನೋ. ಆಮೇಲೆ ಯಾವ ಮುಖ ಇಟ್ಕೊಂಡು ಸ್ಟೂಲ್ ಮೇಲೆ ಕೂರ್ಲಿ?"

ಸ್ಟೂಲು ಈಗ ನನ್ನ ಅಡುಗೆ ಜಾಗದಲ್ಲಿದೆ. ಇವರು ಅದರ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಾರೆ. ಎಷ್ಟು ದಪ್ಪ ಹೆಚ್ಚಬೇಕು, ಉಪ್ಪು ಯಾವಾಗ ಹಾಕಬೇಕು ಎಂದು ಎರಡನೆಯ ದಿನದಿಂದಲೇ ನನಗೆ ಹೇಳಿಕೊಡಲು ಶುರುಮಾಡಿದ್ದಾರೆ. ನಾನೂ ಒಂದು ಪಂದ್ಯ ಕಟ್ಟಬೇಕು ಅಂದುಕೊಂಡಿದ್ದೇನೆ.

ನಾದಿನಿ ಕಂಬಿಗೆ ಇನ್ನೊಂದು ಗೂಟ ಹೊಡೆದಿದ್ದಾಳೆ. ಈಗ ಹದಿಮೂರು. ಕೊನೆಯದಕ್ಕೆ ಅಣ್ಣನ ಟವೆಲ್ಲು; ಅದನ್ನು ಕೊಡವಿ ಅಲ್ಲಿ ನೇತುಹಾಕುವ ತನಕ ಎಂಜಿನ್ ಶುರುವಾಗುವುದಿಲ್ಲ.